ನಮ್ಮತ್ತೆ ನರದ ಗಂಟು ವಾಪಸ್ ಕೇಳಿದ್ದು

ಮೊನ್ನೆ ಮಂಡಿನೋವಿಗೆ ಅಂತ ಔಷಧಿ ಅಂಗಡಿಯವನು ಒಂದು ಮುಲಾಮು ಕೊಟ್ಟ. ಟ್ಯೂಬಿನ ಮೇಲೆ ಕೆಂಪಗೆ ಒಂದು ಮೆಣಸಿನಕಾಯಿಯ ಚಿತ್ರ. ಮುಲಾಮಿಗೂ ಮೆಣಸಿನಕಾಯಿಗೂ ಏನಪ್ಪಾ ನೆಂಟಸ್ತಿಕೆ, ಇದನ್ನು ಮಂಡಿಗೆ ಹಚ್ಚಬೇಕೋ ರೊಟ್ಟಿಗೆ ಹಚ್ಚಬೇಕೋ ಅಂತ ಅವನನ್ನು ಛೇಡಿಸಿ ಮನೆಗೆ ಬಂದೆ. ಹಚ್ಚಿಕೊಂಡ ಮೇಲೆ ಕೈ ತೊಳೆದುಕೊಳ್ಳಿ ಅಂತ ಅವನು ಒತ್ತಿ ಒತ್ತಿ ಹೇಳಿದ್ದ. ನಾನು ಯಾವತ್ತು ಯಾರ ಮಾತು ಕೇಳಿದವನು! ಪೇಪರ್ ಓದುತ್ತಾ ಓದುತ್ತಾ ಕಣ್ಣು ಉಜ್ಜಿಕೊಂಡೆ ನೋಡಿ, ಅಯ್ಯಯ್ಯಪ್ಪಾ, ಕಣ್ಣೊಳಗೇ ಒಲೆ ಹೊತ್ತಿಕೊಂಡಿತು. ನನ್ನ ಕೂಗಿಗೆ ಅಡುಗೆಮನೆಯಿಂದ ಹೆಂಡತಿ ಓಡಿ ಬಂದು ಕಣ್ಣರೆಪ್ಪೆ ಬಿಡಿಸಿ ನೋಡಿದಳು.

"ಏನೂ ಇಲ್ವಲ್ರೀ. ಏನೂ ಇಲ್ದೆ ಹೆಂಗ್ ಉರೀತೈತೆ?" ಅಂದಳು.

ಕಣ್ಣಿಗೆ ನೀರು ಎರಚಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟೆ. ಇದೇ ಮಾತು, ಹೆಚ್ಚುಕಡಿಮೆ ಇದೇ ದನಿಯಲ್ಲಿ, ಅವಳ ತವರುಮನೆಯ ಪಡಸಾಲೆಯಲ್ಲಿ ಒಂದು ಕಾಲಕ್ಕೆ ದಿನಾ ಕೇಳಿಬರುತ್ತಿತ್ತು. ಅವಳಿಗೂ ಅದೇ ನೆನಪಾಯಿತೋ ಏನೋ, ಸೆರಗಿನಿಂದ ನನ್ನ ಮುಖ ಒರೆಸಿ ಸುಮ್ಮನೆ ಒಳಗೆ ಹೋದಳು.

ನಮ್ಮ ಕಡೆ ನೋವಿನ ಹೆಸರುಗಳಿಗೇನೂ ಬರಗಾಲವಿಲ್ಲ. ಹಲ್ಲಿಗೆ ಬಂದರೆ ಸೆಳೆತ, ತಲೆಗೆ ಬಂದರೆ ಸಿಡಿತ, ಸೊಂಟಕ್ಕೆ ಬಂದರೆ ಚಳುಕು, ಹೊಟ್ಟೆಗೆ ಬಂದರೆ ನುಲಿ. ಒಂದೊಂದು ಅಂಗಕ್ಕೂ ಅದರದರ ನೋವು ಹಂಚಿಕೊಟ್ಟು ಕೂತಿದ್ದಾರೆ ನಮ್ಮ ಹಿರಿಯರು. ಇಷ್ಟು ಧಾರಾಳ ಇರುವವರು 'ಉರಿ'ಯ ವಿಷಯಕ್ಕೆ ಬಂದಾಗ ಮಾತ್ರ ಯಾಕೋ ಕೈ ಬಿಗಿ ಹಿಡಿದಿದ್ದಾರೆ. ಬೆಂಕಿ ತಾಗಿದರೂ ಉರಿ, ಮೆಣಸಿನಕಾಯಿ ಕಚ್ಚಿದರೂ ಉರಿ, ಪಕ್ಕದ ಮನೆಯವರು ಮೇಲೆ ಮಾಳಿಗೆ ಎಬ್ಬಿಸಿದರೆ ನಮ್ಮ ಹೊಟ್ಟೆಯಲ್ಲಿ ಆಗುವುದೂ ಉರಿ. ಇದೊಂದು ನಮ್ಮ ಭಾಷೆಯ ಬಡತನ ಅಂತ ನಾನು ಬಹಳ ಕಾಲ ತಿಳಿದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾದದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ಅದೂ ನಮ್ಮತ್ತೆಯ ದೆಸೆಯಿಂದ.

ನಾನು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ಗುಮಾಸ್ತ. ಈಗ ನಿವೃತ್ತ. ಹೆಂಡತಿಯ ಊರು ಹಿರೇಗುಂಟನೂರು. ಅವಳ ತಾಯಿ ಕರಿಯಮ್ಮ ನನಗೆ ಹೆಣ್ಣು ಕೊಟ್ಟ ಅತ್ತೆ ಮಾತ್ರವಲ್ಲ, ನಮ್ಮಪ್ಪನ ಒಡಹುಟ್ಟಿದ ತಂಗಿ. ಹಾಗಾಗಿ ಅಳಿಯ ಅಂತ ನನಗೆ ಮಣೆ ಹಾಕಿ ಮರ್ಯಾದೆ ಮಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. "ಲೇ ಟೇಸನ್ ಮಾಸ್ತರ" ಅಂತಲೇ ಅವಳು ಕರೆಯುವುದು. ಅತ್ತೆ, ನಾನು ಮಾಸ್ತರ ಅಲ್ಲ, ಕಿಟಕಿಯಲ್ಲಿ ಕೂತು ಟಿಕೆಟ್ ಕೊಡೋನು ಅಂತ ಎಷ್ಟು ಹೇಳಿದರೂ, "ಟೇಸನ್ನಾಗೆ ಕುಂತಿದೀಯೋ ಇಲ್ವೋ?" ಅಂದುಬಿಡುವಳು. ಗಂಡ ಬೇಗ ತೀರಿಕೊಂಡಿದ್ದ. ಕುರಿ ಮೇಯಿಸಿಯೇ ಇಬ್ಬರು ಮಕ್ಕಳನ್ನು ದಡ ಸೇರಿಸಿದ ಗಟ್ಟಿಗಿತ್ತಿ. ಮೊದಲನೆಯವಳು ನನ್ನ ಹೆಂಡತಿ. ಎರಡನೆಯವನು ತಿಪ್ಪೇಸ್ವಾಮಿ, ನನ್ನ ಬಾಮೈದ.

ತಿಪ್ಪೇಸ್ವಾಮಿಗೆ ಕುರಿಯ ಸಹವಾಸ ಸಾಕಾಗಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಜೋಗಿಮಟ್ಟಿಯ ಆಚೆ ಗುಡ್ಡಗಳ ನೆತ್ತಿಯ ಮೇಲೆಲ್ಲ ಕರೆಂಟು ತೆಗೆಯುವ ಗಾಳಿಯಂತ್ರಗಳು ಏಳುತ್ತಿದ್ದವು. ನಮ್ಮ ಜನ ಅವಕ್ಕೆ ಫ್ಯಾನು ಅಂತಲೇ ಹೆಸರಿಟ್ಟರು. ಆ ಫ್ಯಾನು ಕಾಯುವ ಕೆಲಸ ಇವನಿಗೆ ಸಿಕ್ಕಿತು. "ಊರಿಗೆಲ್ಲ ಫ್ಯಾನು ಹಾಕ್ಸಿ ನೀನು ಕೆಳಗೆ ನಿಂತು ಬೆವರು ಸುರುಸ್ತೀಯಲ್ಲೋ" ಅಂತ ನಾನು ರೇಗಿಸುತ್ತಿದ್ದೆ. ಒಂದು ಹಳೇ ಬೈಕೂ ಕೊಂಡ. ಒಂದು ಸಂಜೆ ಕೆಲಸ ಮುಗಿಸಿ ಗುಡ್ಡ ಇಳಿದು ಬರುತ್ತಿರುವಾಗ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಬೇರೆ ಯಾರಾದರೂ ಆಗಿದ್ದರೆ ಒಂದು ಕುರಿಗೆ ಗುದ್ದಿ ನಿಲ್ಲಿಸುತ್ತಿದ್ದರೋ ಏನೋ. ಇವನು ಕುರಿಯವರ ಮನೆ ಮಗ. ಕುರಿ ಉಳಿಸಲು ಹೋಗಿ ಬಲಭುಜ ಕೊಟ್ಟು ಬಂಡೆಯ ಮೇಲೆ ಬಿದ್ದ.

ಒಂದು ತೊಟ್ಟು ರಕ್ತ ಬರಲಿಲ್ಲ. ಮೂಳೆ ಮುರಿಯಲಿಲ್ಲ. ಆದರೆ ಬಲಗೈ ಭುಜದಿಂದ ಕೆಳಗೆ ಸತ್ತಂತೆ ಜೋತುಬಿತ್ತು. ಎತ್ತಲು ಆಗದು, ಮಡಿಸಲು ಆಗದು. ಚಿವುಟಿದರೆ ಗೊತ್ತಾಗದು. ಸತ್ತ ಕೈ ಅಂದಮೇಲೆ ತೆಪ್ಪಗಿರಬೇಕೋ ಬೇಡವೋ ನೀವೇ ಹೇಳಿ. ಬಿದ್ದ ಮಾರನೆಯ ದಿನದಿಂದ ಅದು ಉರಿಯಲು ಶುರುವಾಯಿತು.

"ಕಾದ ಎಣ್ಣೇಲಿ ಬೆರಳು ಅದ್ದಿ ಹಿಡ್ಕಂಡಂಗೈತೆ ಭಾವ" ಅನ್ನುವನು. ಕೈಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಕೊಂಡು ಕೂರುವನು. ನೀರು ತಣ್ಣಗಿದೆ ಅಂತ ಕೈಗೆ ಗೊತ್ತೇ ಆಗುತ್ತಿರಲಿಲ್ಲ, ಉರಿ ಹೇಗೆ ಆರೀತು? ಮಾತಾಡುತ್ತಾ ಮಾತಾಡುತ್ತಾ ಇದ್ದಕ್ಕಿದ್ದಂತೆ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಒಂದಷ್ಟು ಹೊತ್ತು ಉಸಿರು ಹಿಡಿದು ಕೂತು, ಆಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುವನು.

ಈಗ ನಮ್ಮತ್ತೆಯ ವಿದ್ಯೆಯ ವಿಷಯ ಹೇಳಬೇಕು. ಬರೆ ಹಾಕುವುದರಲ್ಲಿ ಅವಳದು ಸುತ್ತಲ ಹಳ್ಳಿಗೆಲ್ಲ ಎತ್ತಿದ ಕೈ. ಕುರಿ ಕುಂಟಿದರೆ ಬರೆ, ದನ ಮೇವು ಬಿಟ್ಟರೆ ಬರೆ, ಮನುಷ್ಯರಿಗೆ ಕಾಮಾಲೆಯಾದರೂ ಬರೆ. ಕುಡುಗೋಲಿನ ತುದಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಚುಂಯ್ ಅಂತ ಒಂದು ಗೀರು. ನೋವನ್ನು ನೋವಿನಿಂದಲೇ ಓಡಿಸಬೇಕು ಅನ್ನುವುದು ಅವಳ ಶಾಸ್ತ್ರ. ನನ್ನ ಬಲಮೊಣಕೈ ಹತ್ತಿರ ಚಿಕ್ಕಂದಿನ ಒಂದು ಗೀರು ಈಗಲೂ ಇದೆ. ಯಾವ ರೋಗಕ್ಕೆ ಹಾಕಿದ್ದೋ ಮರೆತಿದ್ದೇನೆ, ಹಾಕಿಸಿಕೊಂಡದ್ದು ಮರೆತಿಲ್ಲ. ಮಗನ ಕೈಗೂ ಬರೆಯೇ ಸರಿ ಅಂತ ಅವಳು ತೀರ್ಮಾನಿಸಿದಳು. ನಾನು ಅವತ್ತು ಅಲ್ಲೇ ಇದ್ದೆ. ತಿಪ್ಪೇಸ್ವಾಮಿ ಜಗುಲಿಯ ಮೇಲೆ ಕೈ ಚಾಚಿ, ಮುಖ ಆ ಕಡೆ ತಿರುಗಿಸಿ ಕೂತ. ಅತ್ತೆ ಕುಡುಗೋಲು ತಂದು ಮುಂಗೈ ಮೇಲೆ ಎಳೆದಳು. ಚರ್ಮ ಸುಟ್ಟ ವಾಸನೆ ಬಂತು. ನಾನು ಮುಖ ಹಿಂಡಿದೆ.

"ಹಾಕ್ತೀಯೇನವ್ವಾ? ಬೇಗ ಹಾಕು" ಅಂದ ತಿಪ್ಪೇಸ್ವಾಮಿ, ಇನ್ನೂ ಆ ಕಡೆಗೇ ಮುಖ ಮಾಡಿಕೊಂಡು.

ಅತ್ತೆ ಕುಡುಗೋಲು ನೋಡಿದಳು, ಕೈ ನೋಡಿದಳು, ಮಗನ ಮುಖ ನೋಡಿದಳು. ಅವಳ ಮನಸ್ಸು ಅಲ್ಲೇ ಮುರಿಯಿತು. ಅವತ್ತಿನಿಂದ ಬಂದವರ ಮುಂದೆಲ್ಲ ಒಂದೇ ಮಾತು: "ಬೆಂಕಿ ಇಟ್ರೆ ಉರಿಯಲ್ವಂತೆ, ಸುಮ್ಕೆ ಕುಂತಿದ್ರೆ ಉರೀತೈತಂತೆ. ಏನೂ ಇಲ್ದೆ ಹೆಂಗಪ್ಪ ಉರೀತೈತೆ? ಮೈಗಳ್ಳ ಆಗ್ಬಿಟ್ಟ ನನ್ಮಗ." ಊರವರೂ ಹೌದೆಂದು ತಲೆಯಾಡಿಸಿದರು. ಬರೆಗೆ ಅಲ್ಲಾಡದ ಕೈ ಉರಿಯುತ್ತದೆ ಅಂದರೆ ಯಾರು ತಾನೇ ನಂಬುತ್ತಾರೆ!

ಕೈ ಹೋದದ್ದನ್ನು ತಿಪ್ಪೇಸ್ವಾಮಿ ಹೇಗೋ ನುಂಗಿಕೊಂಡ. ಇದನ್ನು ನುಂಗಿಕೊಳ್ಳಲು ಅವನಿಂದ ಆಗಲಿಲ್ಲ. ಒಂದು ದಿನ ನನ್ನ ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರಂ ಕಲ್ಲುಬೆಂಚಿನ ಮೇಲೆ ಕೂತು ಅತ್ತುಬಿಟ್ಟ. "ಕೈ ಬರ್ದಿದ್ರೆ ಹಾಳಾಗ್ ಹೋಗ್ಲಿ ಭಾವ. ಎಡಗೈ ಐತೆ, ಹೆಂಗೋ ಬದುಕ್ತೀನಿ. ಅವ್ವ ಒಂದೇ ಒಂದ್ಸಲ 'ಹೌದು ಕಣಪ್ಪ, ಉರೀತೈತೆ' ಅಂತ ಅಂದ್ರೆ ಸಾಕು ನಂಗೆ." ಗೂಡ್ಸ್ ಗಾಡಿಯೊಂದು ಹಾದುಹೋಗುತ್ತಿತ್ತು. ಅದು ಹೋಗಿ ಮುಗಿಯುವ ತನಕ ನಾನು ಅವನ ಬೆನ್ನು ಸವರುತ್ತಾ ಕೂತಿದ್ದೆ.

ಯಾರೋ ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರ ವಿಳಾಸ ಕೊಟ್ಟರು. ನಾನೂ ಹೆಂಡತಿಯೂ ಅವನನ್ನು ಕರೆದುಕೊಂಡು ಹೋದೆವು. ಅತ್ತೆ ಬರಲಿಲ್ಲ. "ಇಲ್ದಿರೋ ರೋಗಕ್ಕೆ ಔಸ್ದಿ ಕೊಡ್ಸಕ್ಕೆ ನಾನ್ಯಾಕೆ?" ಅಂದಳು. ಅಲ್ಲಿನ ಶಸ್ತ್ರಚಿಕಿತ್ಸೆಯ ಡಾಕ್ಟರು ತಾಳ್ಮೆಯ ಮನುಷ್ಯ. ಒಂದು ಹಾಳೆಯ ಮೇಲೆ ಬೆನ್ನು, ಕತ್ತು, ಕೈ ಎಲ್ಲ ಬರೆದು ತೋರಿಸಿದರು. ಕೈಯಿಂದ ಹೋಗುವ ನರಗಳ ಬೇರು ಬೆನ್ನುಹುರಿಯಲ್ಲಿ ಊರಿಕೊಂಡಿರುತ್ತದಂತೆ. ಬಿದ್ದ ರಭಸಕ್ಕೆ ಇವನ ಬೇರುಗಳು ಬುಡಸಮೇತ ಕಿತ್ತು ಬಂದಿದ್ದವು, ಶೇಂಗಾ ಗಿಡ ಕಿತ್ತ ಹಾಗೆ. ಅವನ್ನು ಮತ್ತೆ ನೆಡಲು ಬಾರದು. ಪಕ್ಕೆಲುಬಿನ ಕಡೆಯ ಒಂದು ನರವನ್ನು ತಿರುಗಿಸಿ ತೋಳಿಗೆ ಜೋಡಿಸಿದರೆ ಮೊಣಕೈ ಮಡಿಸುವಷ್ಟು ಆಗಬಹುದು ಅಂದರು. ಆಮೇಲೆ ಸ್ವಲ್ಪ ಹಿಂಜರಿಯುತ್ತಾ ಇನ್ನೊಂದು ಮಾತು ತೆಗೆದರು.

"ಕಿತ್ತುಬಂದ ನರದ ಬುಡದಲ್ಲಿ ಒಂದೊಂದು ಗಂಟು ಇರುತ್ತೆ. ನಿಮಗೆ ಇನ್ನು ಅದರಿಂದ ಉಪಯೋಗ ಇಲ್ಲ. ಆಪರೇಷನ್ ಮಾಡುವಾಗ ತೆಗೆದುಹಾಕಬೇಕಾಗುತ್ತೆ. ಅದನ್ನು ನಮ್ಮ ಪ್ರಯೋಗಾಲಯಕ್ಕೆ ಕೊಡ್ತೀರಾ? ಅದರೊಳಗಿನ ಜೀವಕೋಶಗಳನ್ನು ಬಿಡಿಸಿ ಸಾಕ್ತೀವಿ. ನೋವು ಅನ್ನೋದು ಎಲ್ಲಿ, ಹೇಗೆ ಶುರುವಾಗುತ್ತೆ ಅಂತ ನೋಡ್ತೀವಿ. ಇಲಿಗಳ ನರದಲ್ಲಿ ನೋಡಿದ್ದೇವೆ. ಮನುಷ್ಯರದು ಸಿಗೋದು ಬಹಳ ಅಪರೂಪ."

'ಸಾಕ್ತೀವಿ' ಅನ್ನುವ ಮಾತಿಗೆ ತಿಪ್ಪೇಸ್ವಾಮಿಯ ಕಿವಿ ನಿಮಿರಿತು. "ಸಾಕ್ತೀರಾ? ಏನ್ ಮೇಯಿಸ್ತೀರಿ ಸಾ?"

ಡಾಕ್ಟರು ನಕ್ಕರು. "ಸಕ್ಕರೆ, ಉಪ್ಪು, ಇನ್ನೂ ಏನೇನೋ ಬೆರೆಸಿದ ನೀರು. ಮೈಬಿಸಿಯಷ್ಟೇ ಬೆಚ್ಚಗಿಟ್ಟಿರ್ತೀವಿ."

"ತಗಳ್ರಿ ಮತ್ತೆ. ನಮ್ಮಪ್ಪನ ಗಂಟೇನ್ ಹೋಗ್ತೈತೆ!" ಅಂದ ಇವನು. ಆ ನೋವಿನಲ್ಲೂ ಅವನ ಬಾಯಿಗೆ ಮೋಸವಿರಲಿಲ್ಲ.

ನಾನು ನನ್ನ ಬುದ್ಧಿವಂತಿಕೆಯನ್ನೂ ಒಂಚೂರು ತೋರಿಸಬೇಡವೇ? "ಸಾರ್, ತಟ್ಟೆಯಲ್ಲಿರೋ ಜೀವಕೋಶಕ್ಕೆ ನೋವು ಮಾಡೋದು ಹ್ಯಾಗೆ? ಚಿವುಟೋಕೆ ಆಗಲ್ವಲ್ಲ" ಅಂತ ಕೇಳಿದೆ. "ಮೆಣಸಿನಕಾಯಿಯ ಖಾರದ ಸತ್ವ ಒಂದು ಹನಿ ಹಾಕ್ತೀವಿ" ಅಂದರು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಈ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಇರಲಿ? ಆಪರೇಷನ್ ಮುಗಿಯಿತು. ಹೆಂಡತಿಯನ್ನು ಅವನ ಹತ್ತಿರ ಬಿಟ್ಟು ನಾನು ಡ್ಯೂಟಿಗೆ ವಾಪಸಾದೆ. ಕೆಲವು ದಿನ ಕಳೆದ ಮೇಲೆ ಹೆಂಡತಿ ಸ್ಟೇಷನ್ನಿಗೆ ಫೋನು ಮಾಡಿ, ತಮ್ಮ ರಾತ್ರಿಯೆಲ್ಲ ಉರಿ ಉರಿ ಅಂತ ಒದ್ದಾಡಿದ ಅಂದಳು. ಅವತ್ತೇ ಹಿರೇಗುಂಟನೂರಿಗೆ ಹೋಗಿ, ಖಾರದ ವಿಷಯ ಮತ್ತು ಉರಿಯ ವಿಷಯ ಎರಡನ್ನೂ ಒಂದೇ ಉಸಿರಿನಲ್ಲಿ ಅತ್ತೆಗೆ ಹೇಳಿದೆ.

ಅತ್ತೆ ಕುರಿಮರಿಗೆ ಹಾಲು ಕುಡಿಸುತ್ತಿದ್ದವಳು ಎದ್ದು ನಿಂತಳು.

"ಏನಂದೆ? ನನ್ನ ಮಗನ ನರಕ್ಕೆ ಖಾರ ಹಾಕ್ತಾ ಅವ್ರಾ?"

"ಅದು ಪ್ರಯೋಗ ಅತ್ತೆ..."

"ಅಲ್ಲಿ ಖಾರ ಹಾಕಿದ್ದಕ್ಕೇ ಇಲ್ಲಿ ಅವ್ನಿಗೆ ಉರೀತೈತೆ! ಒಂದು ಕೂದ್ಲು ಸಿಕ್ರೆ ಮಾಟ ಮಾಡೋ ಜನ ಅವ್ರೆ ಲೋಕದಾಗೆ. ನೀನು ಜೀವ ಇರೋ ನರಾನೇ ಕೊಟ್ಟು ಬಂದೀಯಲ್ಲೋ ಟೇಸನ್ ಮಾಸ್ತರ!"

ಅದಲ್ಲ ಅತ್ತೆ, ಬೈಕಿನಿಂದ ಬಿದ್ದಾಗಿನಿಂದ ಉರಿಯುತ್ತಿತ್ತಲ್ಲ, ಆಗ ಯಾರು ಖಾರ ಹಾಕಿದ್ದರು ಅಂತ ಕೇಳಿದೆ. "ಆವಾಗಿಂದು ನಂಗೊತ್ತಿಲ್ಲ. ಇವಾಗಿಂದು ನಿಜ" ಅಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ದಿನ ಮಗನ ಉರಿಯನ್ನು ಸುಳ್ಳು ಅಂದವಳು ಈಗ ನಂಬಿದ್ದಳು, ಆದರೆ ಯಾವ ಕಾರಣಕ್ಕೆ ನಂಬಬಾರದೋ ಆ ಕಾರಣಕ್ಕೆ. "ಅವನು ತಾನೇ ಕೊಟ್ಟ, ಅಪ್ಪನ ಗಂಟೇನು ಹೋಗ್ತೈತೆ ಅಂದ" ಅಂತ ನಾನು ಜಾರಿಕೊಳ್ಳಲು ನೋಡಿದೆ.

"ಅವ್ರಪ್ಪನ ಗಂಟಲ್ಲಲೇ ಅದು. ಹೆತ್ತಿದ್ದು ನಾನು. ನನ್ನ ಗಂಟು! ನಡಿ, ಹೋಗಾಣ. ವಾಪಸ್ ಇಸ್ಕಂಡು ಬರಾಣ."

ನಮ್ಮತ್ತೆ ಹೊರಟರೆ ಹೊರಟಂತೆಯೇ. ಕಂಬಳಿ ಹೆಗಲಿಗೆ ಹಾಕಿಕೊಂಡಳು. ಮುಚ್ಚಳವಿರುವ ಒಂದು ಸ್ಟೀಲು ತಂಬಿಗೆ ಹುಡುಕಿ ಅದರ ತುಂಬ ಮಜ್ಜಿಗೆ ಹೊಯ್ದಳು. ದಾರಿಯಲ್ಲಿ ಕುಡಿಯಲು ಇರಬೇಕು ಅಂದುಕೊಂಡೆ. ರೈಲು ಬೀರೂರು ದಾಟಿದ ಮೇಲೆ ಬಾಯಾರಿ ಕೈ ಚಾಚಿದರೆ, ಹಿಂದಕ್ಕೆ ಸರಕ್ಕನೆ ಎಳೆದುಕೊಂಡಳು. "ಇದು ನಿಂಗಲ್ಲ. ಖಾರ ತಿಂದ ನರ ಅದು. ಮಜ್ಜಿಗೇಲಿ ಇಟ್ಕಂಡು ಬಂದ್ರೆ ಒಂಚೂರು ತಣ್ಣಗಿರ್ತೈತೆ." ಎದುರು ಸೀಟಿನವರೊಬ್ಬರು ಯಾರಿಗೆ ಏನಾಗಿದೆ ಅಂತ ಕೇಳಿದರು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ಅತ್ತೆ ಮಾತ್ರ ತಂಬಿಗೆಯನ್ನು ಮಡಿಲಿನಿಂದ ಇಳಿಸದೆ, ಎಲ್ಲವನ್ನೂ ಅವರಿಗೆ ವಿವರವಾಗಿ ಹೇಳಿದಳು.

ಪ್ರಯೋಗಾಲಯ ಆಸ್ಪತ್ರೆಯ ಹಿಂಭಾಗದ ಕಟ್ಟಡದಲ್ಲಿತ್ತು. ಕೈಯನ್ನು ಎದೆಗೆ ಕಟ್ಟಿಕೊಂಡಿದ್ದ ತಿಪ್ಪೇಸ್ವಾಮಿಯೂ ನನ್ನ ಹೆಂಡತಿಯೂ ವಾರ್ಡಿನಿಂದ ನಮ್ಮ ಹಿಂದೆಯೇ ಬಂದರು. ತಾಯಿಯ ಜೊತೆ ಅವನು ಮಾತಾಡಲಿಲ್ಲ, ಅವಳೂ ಆಡಲಿಲ್ಲ. ಅಲ್ಲಿ ನಮ್ಮನ್ನು ಎದುರುಗೊಂಡವಳು ಪುಷ್ಪಾ ಅಂತ ಒಬ್ಬ ಸಂಶೋಧಕಿ, ಆ ಜೀವಕೋಶಗಳನ್ನು ನೋಡಿಕೊಳ್ಳುವವಳು ಅವಳೇ. ಮೊದಲು ಬೆಂಗಳೂರಿನ ಕನ್ನಡದಲ್ಲೇ ಶುರುಮಾಡಿದಳು. ಅತ್ತೆ ಎರಡು ಮಾತಾಡಿದ್ದೇ ತಡ, ಹುಡುಗಿಯ ಮುಖ ಅರಳಿತು.

"ದುರ್ಗದ ಕಡೆಯೋರಾ? ನಮ್ದು ಹೊಸದುರ್ಗ ಅವ್ವ. ಬರ್ರಿ, ಒಳಗೆ ಬಂದು ಕುಂತ್ಕಳ್ರಿ."

"ಕುಂದ್ರಕ್ಕೆ ಬಂದಿಲ್ಲ ತಾಯಿ. ನನ್ನ ಮಗನ ಗಂಟು ಕೊಡು. ಹೋಗ್ತೀನಿ" ಅಂದು ಅತ್ತೆ ತಂಬಿಗೆಯ ಮುಚ್ಚಳ ತೆಗೆದು ಮುಂದೆ ಹಿಡಿದಳು.

ಪುಷ್ಪಾ ನಗಲಿಲ್ಲ. ನಕ್ಕಿದ್ದರೆ ಅವತ್ತು ಅಲ್ಲಿ ಕುರುಕ್ಷೇತ್ರವೇ ಆಗುತ್ತಿತ್ತು. "ಕೊಡಾಣ ಅವ್ವ. ಒಂದ್ಸಲ ನೋಡ್ರಿ ಮೊದ್ಲು" ಅಂದು ಬೆಚ್ಚಗಿನ ಒಂದು ಪೆಟ್ಟಿಗೆಯ ಬಾಗಿಲು ತೆಗೆದು, ಅಂಗೈಯಗಲದ, ಬಿಲ್ಲೆಯಂಥ ಗಾಜಿನ ತಟ್ಟೆಯೊಂದನ್ನು ತಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಬಿಲ್ಲೆಯಲ್ಲಿ ಗುಲಾಬಿ ಬಣ್ಣದ ಒಂದಿಷ್ಟು ನೀರು, ಅಷ್ಟೇ. ಗಂಡಸು ಅನ್ನುವ ಹಮ್ಮಿನಲ್ಲಿ ನಾನು ಮೊದಲು ಬಗ್ಗಿದೆ. ಕಪ್ಪಗೆ ಉದ್ದುದ್ದ ಕಡ್ಡಿಗಳಂಥವು ಕಂಡವು. "ಆಹಾ, ನರಗಳು!" ಅಂದೆ. "ಅದು ನಿಮ್ಮ ಕಣ್ಣಿನ ರೆಪ್ಪೆಗೂದಲು ಸಾರ್, ಸ್ವಲ್ಪ ಹಿಂದೆ ಬನ್ನಿ" ಅಂದಳು ಪುಷ್ಪಾ.

ಹಿಂದೆ ಬಂದೆ. ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ದುಂಡುದುಂಡಗೆ ಹೊಳೆಯುವ ಕೋಶಗಳು, ಅಲ್ಲೊಂದು ಇಲ್ಲೊಂದು. ಪ್ರತಿಯೊಂದರಿಂದಲೂ ಎಳೆಗಳು ಹೊರಟಿದ್ದವು. ಜೇಡನ ಎಳೆಯೂ ಅವುಗಳ ಮುಂದೆ ಹಗ್ಗ. ಕವಲೊಡೆದು, ಬಾಗಿ, ಒಂದನ್ನೊಂದು ದಾಟಿ, ಎತ್ತಲೋ ಹೋಗುತ್ತಿದ್ದವು. ಇದು ನಮ್ಮ ತಿಪ್ಪೇಸ್ವಾಮಿ! ನನ್ನ ಜೊತೆ ಜಗಳವಾಡುವ, ಫ್ಯಾನು ಕಾಯುವ, ಹಬ್ಬದ ದಿನ ನನ್ನ ಪಾಲಿನ ಹೋಳಿಗೆಗೂ ಕೈ ಹಾಕುವ ತಿಪ್ಪೇಸ್ವಾಮಿಯ ಒಳಗೆ ಇಂಥದ್ದೊಂದು ಇತ್ತೇ? ನನ್ನ ಒಳಗೂ ಇದೆಯೇ? ನನ್ನ ಜೀವಮಾನದಲ್ಲಿ ಬಾಯಿಗೆ ಮಾತು ಬಾರದೆ ನಿಂತದ್ದು ಅದೇ ಮೊದಲು ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದಳು. "ಜೀವ ಐತಾ ಇದ್ಕೆ?"

"ಐತೆ ಅವ್ವ. ಇನ್ನೂ ಕೆಲವು ದಿನ ಇರ್ತೈತೆ."

"ಬೇರು ಬಿಡ್ತಾ ಐತಲ್ಲ ತಾಯಿ. ಯಾತಕ್ಕೆ?"

"ಅದರ ಸ್ವಭಾವಾನೇ ಅದು. ಚರ್ಮದ ತನಕ ಹೋಗಿ ಮುಟ್ಬೇಕು, ಏನಾಯ್ತು ಅಂತ ಸುದ್ದಿ ತರ್ಬೇಕು. ಇಲ್ಲಿ ಚರ್ಮ ಎಲ್ಲೈತೆ? ಆದ್ರೂ ಹುಡುಕ್ತಾನೇ ಇರ್ತೈತೆ."

ಅತ್ತೆ ಇನ್ನೊಮ್ಮೆ ಬಗ್ಗಿ ನೋಡಿದಳು. ಆದರೂ ಬಂದ ಕೆಲಸ ಮರೆಯುವವಳಲ್ಲ. "ಖಾರ ಹಾಕು. ನನ್ನ ಕಣ್ಣೆದ್ರಿಗೇ ಹಾಕು. ನೋಡೇಬಿಡ್ತೀನಿ" ಅಂದು ಮಗನ ಪಕ್ಕ ಹೋಗಿ ನಿಂತು, ಕಟ್ಟಿದ ಕೈಯ ಬೆರಳುಗಳನ್ನು ಹಿಡಿದುಕೊಂಡಳು. ಬಿದ್ದ ಮೇಲೆ, ಬರೆ ಹಾಕಿದ ದಿನ ಬಿಟ್ಟರೆ, ಅವಳು ಆ ಕೈ ಮುಟ್ಟಿದ್ದು ನಾನು ನೋಡಿರಲಿಲ್ಲ.

ಪುಷ್ಪಾ ಇನ್ನೊಂದು ಬಿಲ್ಲೆ ತಂದಳು. ಅದರಲ್ಲಿದ್ದವೂ ತಿಪ್ಪೇಸ್ವಾಮಿಯವೇ. ನೋವಿನ ಸುದ್ದಿ ಹೊರಟರೆ ಬೆಳಗುವಂಥ ಒಂದು ಬಣ್ಣ ಕುಡಿಸಿಟ್ಟಿದ್ದಳಂತೆ. ದೀಪ ಆರಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಕತ್ತಲು, ಅದರಲ್ಲಿ ಮಂಕಾದ ಕೆಲವು ಚುಕ್ಕೆಗಳು. ಒಂದು ಹನಿ ಬಿಟ್ಟಳು. ಒಂದು ಚುಕ್ಕೆ ಬೆಳಗಿತು. ಇನ್ನೊಂದು. ಆಮೇಲೆ ಮೂಲೆಯಲ್ಲಿದ್ದ ಮತ್ತೊಂದು. ಎಲ್ಲವೂ ಅಲ್ಲ, ಕೆಲವು ಹಾಗೇ ಮಂಕಾಗಿಯೇ ಉಳಿದವು. ಬೆಳಗಿದವು ಮಾತ್ರ ಬೆಂಕಿ ಸೋಕಿದ ಹಾಗೆ ಬೆಳಗಿದವು. "ಬೆಂಕಿ ಬಿಸಿಗೂ ಮೆಣಸಿನಕಾಯಿ ಖಾರಕ್ಕೂ ಈ ನರಗಳಲ್ಲಿ ಬಾಗಿಲು ಒಂದೇ ಸಾರ್. ಯಾವುದು ಬಂದು ತಟ್ಟಿದರೂ ಇದು ಉರಿ ಅಂತಾನೇ ಕೂಗೋದು" ಅಂದಳು. ಭಾಷೆಯ ಬಡತನ ಅಂದುಕೊಂಡಿದ್ದೆನಲ್ಲ, ನನ್ನ ತಲೆಯ ಬಡತನ ಅದು.

ಅತ್ತೆ ಪರದೆಯ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಮಗನ ಮುಖದ ಮೇಲೆಯೇ ಇತ್ತು.

"ಏನಾರ ಆತೇನಪ್ಪ?"

"ಇಲ್ಲವ್ವ" ಅಂದ ತಿಪ್ಪೇಸ್ವಾಮಿ. "ಖಾರ ಹಾಕಿದ್ದು ಗೊತ್ತಾಗ್ಲೇ ಇಲ್ಲ. ಮೊದ್ಲು ಹೆಂಗ್ ಉರೀತಿತ್ತೋ ಹಂಗೇ ಉರೀತೈತೆ."

"ಖಾರ ಹಾಕಿದ್ರೂ ಅಷ್ಟೇ?"

"ಅಷ್ಟೇ."

ಅತ್ತೆ ಪುಷ್ಪಾಳ ಕಡೆ ತಿರುಗಿದಳು. ಜಗಳದ ಗತ್ತೆಲ್ಲ ಇಳಿದುಹೋಗಿತ್ತು. "ಹಂಗಾದ್ರೆ ಈ ಉರಿ ಎಲ್ಲಿಂದ ಬರ್ತೈತೆ ತಾಯಿ? ಕೈಗೆ ಏನೂ ಗೊತ್ತಾಗಲ್ಲ. ನಾನೇ ನೋಡೀನಿ."

ಪುಷ್ಪಾ ಅವಳ ಬೆನ್ನ ಮೇಲೆ, ಕತ್ತಿನ ಕೆಳಗೆ, ತನ್ನ ಬೆರಳಿಟ್ಟು ತೋರಿಸಿದಳು. "ಬೇರು ಕಿತ್ತದ್ದು ಇಲ್ಲಿ ಅವ್ವ. ದಿನಾ ಕೈಯಿಂದ ಸುದ್ದಿ ಕೇಳ್ತಿದ್ದ ಜೀವಕೋಶಗಳು ಇಲ್ಲಿ ಒಳಗೆ ಕುಂತವೆ. ಇದ್ದಕ್ಕಿದ್ದಂಗೆ ಸುದ್ದಿ ನಿಂತೋಯ್ತು. ಅವು ಸುಮ್ನಿರಲ್ಲ, ತಾವೇ ಕೂಗಾಡ್ತವೆ. ತಲೆ ಅದನ್ನ ಕೈಯಿಂದ ಬಂದಿದ್ದು ಅಂತಾನೇ ತಿಳ್ಕಂತೈತೆ. ಅದನ್ನ ನಿಲ್ಲಿಸೋದು ಹೆಂಗೆ ಅಂತ ನಮ್ಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಕಲೀಬೇಕು ಅಂತಾನೇ ಇದನ್ನೆಲ್ಲ ಸಾಕೋದು."

"ಅಂದ್ರೆ ಅವ್ನಿಗೆ ಉರಿಯೋದು..."

"ನಿಜ ಅವ್ವ. ಬೆಂಕಿಲಿ ಕೈ ಇಟ್ರೆ ಎಷ್ಟು ನಿಜಾನೋ ಅಷ್ಟೇ ನಿಜ."

ತಿಪ್ಪೇಸ್ವಾಮಿ ನೆಲ ನೋಡುತ್ತಾ ನಿಂತಿದ್ದ. ಪರದೆಯ ಮೇಲೆ ಬೆಳಗಿದ ಚುಕ್ಕೆಗಳು ಮೆಲ್ಲಗೆ ಮಂಕಾಗುತ್ತಿದ್ದವು. ಅತ್ತೆ ಅವುಗಳನ್ನು ಆಗ ನೋಡಿದಳು. "ಇದ್ಕೆ ನೋಯ್ತೈತಾ, ಈ ಗಾಜಿನಾಗಿರೋದಕ್ಕೆ?" ಅಂತ ಕೇಳಿದಳು.

ಪುಷ್ಪಾ ಬಿಲ್ಲೆಯ ಕಡೆ ನೋಡಿದಳು. "ಇಲ್ಲ ಅಂತ ನಾವು ತಿಳ್ಕಂಡಿದೀವಿ ಅವ್ವ. ಇದು ಸುದ್ದಿ ಕಳಿಸ್ತೈತೆ ಅಷ್ಟೇ. ನೋಯಕ್ಕೆ ಒಬ್ಬ ಮನುಷ್ಯ ಬೇಕು."

ಆ ಮನುಷ್ಯ ಪಕ್ಕದಲ್ಲೇ ನಿಂತಿದ್ದ. ಅತ್ತೆ ಅವನ ಮುಂಗೈ ಮೇಲಿನ ಬರೆಯ ಕಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಅವನಿಗೆ ಅದು ಗೊತ್ತಾಗುವಂತಿರಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತ ಆಡ್ಕಂಡು ನಗ್ತಿದ್ದೆ ಕಣಪ್ಪ. ನಾನೇ ಹಾಕಿದ್ನಲ್ಲೋ. ಬೆನ್ನಾಗೆ ಉರಿ ಇದ್ರೆ ಕೈಗೆ ಹಾಕಿದ್ನಲ್ಲೋ" ಅಂದಳು. ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕೂಸು ಒಲೆ ಮುಟ್ಟಿ ಕೈ ಸುಟ್ಟುಕೊಂಡರೆ ತಾಯಂದಿರು ಊದುವುದಿಲ್ಲವೇ, ಹಾಗೆ ಮಗನ ಐದು ಬೆರಳುಗಳನ್ನೂ ತುಟಿಯ ಹತ್ತಿರ ಹಿಡಿದು ಊದಿದಳು. ಉಫ್, ಉಫ್ ಅಂತ ಮತ್ತೆ ಮತ್ತೆ ಊದಿದಳು. ಮೂವತ್ತು ದಾಟಿದ, ಮೀಸೆ ಹೊತ್ತ ಗಂಡಸು ಕಣ್ಣಲ್ಲಿ ನೀರು ಹರಿಸುತ್ತಾ ನಿಂತಿದ್ದ.

"ಉರೀತೈತೇನಪ್ಪ? ಹೌದು ಕಣಪ್ಪ, ಉರೀತೈತೆ, ನಂಗೊತ್ತಾತು. ಆರ್ತೈತೆ ಇರು, ಆರ್ತೈತೆ."

"ತಣ್ಣಗಾತು ಕಣವ್ವ" ಅಂದ ತಿಪ್ಪೇಸ್ವಾಮಿ.

ಪುಷ್ಪಾ ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಕನ್ನಡಕ ತೆಗೆದು ಒರೆಸಿದೆ, ಎಷ್ಟು ಒರೆಸಿದರೂ ಮಂಜು ಹೋಗಲಿಲ್ಲ. ಹೊರಡುವಾಗ ಅತ್ತೆ ಆ ಬೆಚ್ಚಗಿನ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇಟ್ಕ ತಾಯಿ. ಗಂಟು ನಿನ್ನತ್ರಾನೇ ಇರ್ಲಿ. ಚೆನ್ನಾಗಿ ಸಾಕು. ಇನ್ಯಾರ್ ಮಕ್ಳಿಗಾದ್ರೂ ಆಗ್ಲಿ" ಅಂದಳು. ವರಾಂಡದಲ್ಲಿ ಪುಷ್ಪಾಳನ್ನು ನಿಲ್ಲಿಸಿ ಆ ತಂಬಿಗೆ ಮಜ್ಜಿಗೆಯನ್ನು ಅವಳಿಗೇ ಕುಡಿಸಿದಳು. ಹೊಸದುರ್ಗದ ಹುಡುಗಿ, ಒಂದೇ ಉಸಿರಿಗೆ ಎತ್ತಿ ಕುಡಿದು ಬಾಯಿ ಒರೆಸಿಕೊಂಡಳು. ನನಗೆ ಕೊನೆಗೂ ಒಂದು ಗುಟುಕು ಸಿಗಲಿಲ್ಲ.

ಪವಾಡವೇನೂ ನಡೆಯಲಿಲ್ಲ. ಮೊಣಕೈ ಮಡಿಸಲು ತಿಪ್ಪೇಸ್ವಾಮಿಗೆ ವರ್ಷದ ಮೇಲೆ ಹಿಡಿಯಿತು. ಬೆರಳುಗಳು ಇವತ್ತಿಗೂ ಆಡುವುದಿಲ್ಲ. ಉರಿ ಕಡಿಮೆಯಾಗುತ್ತಾ ಬಂತು, ಪೂರ್ತಿ ಬಿಟ್ಟುಹೋಗಲಿಲ್ಲ. ಬಂದಾಗ ಅತ್ತೆ ಎಲ್ಲಿದ್ದರೂ ಎದ್ದು ಬಂದು ಊದುವಳು. ಬರೆ ಹಾಕು ಅಂತ ದೂರದೂರದಿಂದ ಬಂದವರನ್ನು "ನೋವು ಎಲ್ಲೈತೆ ಅಂತ ನಂಗೆ ಗೊತ್ತಾಗಲ್ಲಪ್ಪ, ಡಾಕ್ಟ್ರತ್ರ ಹೋಗ್ರಿ" ಅಂತ ವಾಪಸ್ ಕಳಿಸುವಳು. ಅವಳು ತೀರಿಕೊಂಡು ಈಗ ವರ್ಷಗಳೇ ಆದವು.

ಮೊನ್ನೆ ಕಣ್ಣುರಿ ಇಳಿದ ಮೇಲೆ ತಿಪ್ಪೇಸ್ವಾಮಿಗೆ ಫೋನು ಮಾಡಿದೆ. ನಡೆದದ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಖಾರ ಹಾಕಿಸ್ಕಂಡ್ರಾ ಭಾವ? ಈಗ ಗೊತ್ತಾತಾ ನಮ್ ಕಷ್ಟ?" ಅಂದ. ಅದೂ ಇದೂ ಮಾತಾಡಿದೆವು. ಎಷ್ಟೋ ವರ್ಷದಿಂದ ಕೇಳಬೇಕು ಅಂದುಕೊಂಡು ಕೇಳದೆ ಬಿಟ್ಟದ್ದೊಂದು ನಾಲಿಗೆಯ ತುದಿಗೆ ಬಂತು. "ಲೇ, ಸುಳ್ಳು ಹೇಳ್ಬೇಡ. ಅವತ್ತು ಅತ್ತೆ ಊದಿದಾಗ ತಣ್ಣಗಾತು ಅಂದ್ಯಲ್ಲ. ನಿನ್ನ ಕೈಗೆ ಬೆಂಕಿ ಇಟ್ರೇ ಗೊತ್ತಾಗ್ತಿರಲಿಲ್ಲ. ಊದಿದ್ದು ಹೆಂಗ್ ಗೊತ್ತಾತು?"

ನಗುತ್ತಿದ್ದವನ ದನಿ ಇಳಿಯಿತು.

"ಊದಿದ್ದು ಕೈಗೆ ಗೊತ್ತಾಗ್ಲಿಲ್ಲ ಭಾವ" ಅಂದ. "ಉರಿ ಮಾತ್ರ ತಣ್ಣಗಾತು."

ಏನೂ ಇಲ್ಲದೆ ಹೇಗೆ ತಣ್ಣಗಾಗುತ್ತದೆ ಅಂತ ನಾನು ಕೇಳಲಿಲ್ಲ. ನಂಬಿದೆ.